ವಿಟ್ಬಿಯ ಹಾಳು ಮಠ: ಬೆನೆಡಿಕ್ಟೈನ್ ಅವಶೇಷವೊಂದನ್ನು ನೋಡುವ ಕ್ರಮ

ಇಂಗ್ಲೆಂಡಿನ ಉತ್ತರ ಯಾರ್ಕ್‌ಶೈರ್ ಕರಾವಳಿಯಲ್ಲಿ, ಎಸ್ಕ್ ನದಿ ಸಮುದ್ರ ಸೇರುವ ಕಡೆ, ಕಡಿಬಂಡೆಯ ನೆತ್ತಿಯ ಮೇಲೆ ವಿಟ್ಬಿ ಅಬ್ಬೆ, ಅಂದರೆ ಕ್ರೈಸ್ತ ಸನ್ಯಾಸಿಗಳ ಮಠ, ನಿಂತಿದೆ. ಚಾವಣಿಯಿಲ್ಲ, ಗಾಜಿಲ್ಲ, ಗೋಪುರವಿಲ್ಲ. ಬಂದವರಲ್ಲಿ ಹೆಚ್ಚಿನವರು ಅರ್ಧ ಗಂಟೆಯಲ್ಲಿ ಫೋಟೊ ತೆಗೆದುಕೊಂಡು ಇಳಿದುಬಿಡುತ್ತಾರೆ. ಟಿಕೆಟ್ಟಿನ ಬೆಲೆ ನೋಡಿದರೆ ಅದು ನಷ್ಟದ ವ್ಯಾಪಾರ. ನೋಡುವ ಕ್ರಮ ಗೊತ್ತಿದ್ದರೆ ಈ ಗೋಡೆಗಳಲ್ಲಿ ಹಣ ಯಾವಾಗ ಬಂತು, ಯಾವಾಗ ಬತ್ತಿತು, ಈ ಕಟ್ಟಡ ಯಾರಿಗೆ ಬೇಕಿತ್ತು, ಯಾವಾಗ ಯಾರಿಗೂ ಬೇಡವಾಯಿತು ಎಂಬುದೆಲ್ಲ ಓದಲು ಸಿಗುತ್ತದೆ. ಬ್ರಿಟನ್ನಿನಲ್ಲಿ ಓದುತ್ತಿರುವ ಅಥವಾ ಕೆಲಸದಲ್ಲಿರುವ ಕನ್ನಡಿಗರಿಗೂ, ಮಕ್ಕಳನ್ನು ನೋಡಲು ಬಂದು ಲಂಡನ್ ಸುತ್ತಿ ಮುಗಿಸಿದ ತಂದೆ ತಾಯಂದಿರಿಗೂ ಉಪಯೋಗವಾಗಲೆಂದು ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಇತಿಹಾಸ, ಆಮೇಲೆ ಬಸ್ಸು

ವಿಟ್ಬಿಯಲ್ಲಿ ಇದ್ದದ್ದು ಒಂದು ಮಠವಲ್ಲ, ಎರಡು. ಇದನ್ನು ಮನೆಯಲ್ಲೇ ತಿಳಿದುಕೊಂಡು ಹೊರಡಿ. ಇಲ್ಲದಿದ್ದರೆ ಅಲ್ಲಿನ ಫಲಕಗಳು ಮೊದಲ ಮಠ ಕಟ್ಟಿದ ಹಿಲ್ಡಾ ಎನ್ನುತ್ತವೆ, ಕಣ್ಣಿಗೆ ಕಾಣುವುದು ಅವಳು ಸತ್ತು ಐದೂವರೆ ಶತಮಾನದ ನಂತರದ ಗೋಡೆ. ತಲೆ ಕೆಡುತ್ತದೆ.

ಮೊದಲ ಮಠ 657ರದು. ಉತ್ತರ ಇಂಗ್ಲೆಂಡಿನ ಆಗಿನ ರಾಜ್ಯ ನಾರ್ತಂಬ್ರಿಯಾದ ದೊರೆ ಓಸ್ವಿಯು 655ರಲ್ಲಿ ಪೆಂಡಾ ಎಂಬ ವೈರಿಯ ಮೇಲೆ ಯುದ್ಧಕ್ಕೆ ಹೊರಡುವಾಗ ಹರಕೆ ಹೊತ್ತ: ಗೆದ್ದರೆ ಹಸುಳೆ ಮಗಳು ಆಲ್ಫ್ಲೆಡ್‌ಳನ್ನು ದೇವರಿಗೆ ಒಪ್ಪಿಸುತ್ತೇನೆ, ಮಠಗಳಿಗೆ ಹನ್ನೆರಡು ಜಹಗೀರು ಬಿಡುತ್ತೇನೆ. ಗೆದ್ದ, ಕೊಟ್ಟ. ಆ ಭೂಮಿಯಲ್ಲೊಂದರ ಮೇಲೆ ರಾಜವಂಶದ ಹೆಣ್ಣುಮಗಳು ಹಿಲ್ಡಾ ಮಠ ಕಟ್ಟಿದಳು. ಗಂಡಸರೂ ಹೆಂಗಸರೂ ಒಂದೇ ಮಠದಲ್ಲಿ, ಎಲ್ಲರ ಮೇಲೆ ಒಬ್ಬ ಹೆಣ್ಣು. ಅವಳ ಕೈಕೆಳಗೆ ಓದಿದವರಲ್ಲಿ ಐವರು ಬಿಷಪ್ಪರಾದರು. ಆಸ್ಥಾನದ ಹಂಗಿಲ್ಲದ, ಹಾಡಲು ಬಾರದೆ ಔತಣದಿಂದ ಎದ್ದುಹೋಗುತ್ತಿದ್ದ ದನಗಾಹಿ ಕ್ಯಾಡ್ಮನ್ ಕನಸಿನಲ್ಲಿ ಹಾಡು ಪಡೆದದ್ದೂ ಇಲ್ಲೇ. ಹೆಸರು ಗೊತ್ತಿರುವ ಇಂಗ್ಲಿಷ್ ಕವಿಗಳಲ್ಲಿ ಅವನೇ ಮೊದಲಿಗ. ಇವೆಲ್ಲ ನಮಗೆ ಗೊತ್ತಾದದ್ದು 731ರಲ್ಲಿ ಜ್ಯಾರೋ ಮಠದ ಬೀಡ್ ಎಂಬ ಸನ್ಯಾಸಿ ಬರೆದು ಮುಗಿಸಿದ ಇತಿಹಾಸದಿಂದ.

664ರಲ್ಲಿ ಇಲ್ಲಿ ಒಂದು ಧರ್ಮಸಭೆ ಸೇರಿತು. ವಿಷಯ ಈಸ್ಟರ್ ಹಬ್ಬದ ದಿನ. ದೊರೆ ಐರಿಷ್ ಸನ್ಯಾಸಿಗಳ ಲೆಕ್ಕದವನು. ಕೆಂಟ್‌ನಲ್ಲಿ ಬೆಳೆದ ರಾಣಿ ರೋಮಿನ ಲೆಕ್ಕದವಳು. ಅರಮನೆಯಲ್ಲಿ ಗಂಡ ಹಬ್ಬದೂಟ ಉಣ್ಣುತ್ತಿದ್ದರೆ ಹೆಂಡತಿ ಇನ್ನೂ ಉಪವಾಸದಲ್ಲಿ. ಸ್ಮಾರ್ತರ ಏಕಾದಶಿ ಇವತ್ತು, ವೈಷ್ಣವರದು ನಾಳೆ ಎಂದು ಪಂಚಾಂಗದಲ್ಲಿ ನೋಡಿ ಬೆಳೆದವರಿಗೆ ಈ ಜಗಳವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಎರಡೂ ಉಳಿದುಕೊಂಡವು. ಅಲ್ಲಿ ದೊರೆ ತೀರ್ಪು ಕೊಟ್ಟ. ಸ್ವರ್ಗದ ಬೀಗದ ಕೈ ಸಂತ ಪೀಟರನ ಬಳಿ ಇದೆ ಎಂದು ಎರಡೂ ಕಡೆಯವರು ಒಪ್ಪುವುದಾದರೆ ಪೀಟರನ ರೋಮನ್ನೇ ಅನುಸರಿಸುತ್ತೇನೆ, ನಾಳೆ ಬಾಗಿಲಿಗೆ ಹೋದಾಗ ತೆರೆಯುವವನು ಅವನೇ ತಾನೆ ಎಂದ. ಐರಿಷ್ ಪಕ್ಷದಲ್ಲಿದ್ದ ಹಿಲ್ಡಾ ತೀರ್ಪಿಗೆ ತಲೆಬಾಗಿದಳು. ಅವಳು ತೀರಿಕೊಂಡದ್ದು 680ರಲ್ಲಿ. 9ನೇ ಶತಮಾನದಲ್ಲಿ ಡೇನರ (ವೈಕಿಂಗರ) ದಾಳಿಗೆ ಆ ಮಠ ಅಳಿಯಿತು. ಇವತ್ತು ನೆಲದ ಮೇಲೆ ಅದರ ಒಂದು ಗೋಡೆಯೂ ಕಾಣುವುದಿಲ್ಲ.

ಎರಡನೆಯದು ಬೆನೆಡಿಕ್ಟೈನರದು, ಈಗ ಕಾಣುವುದು ಅದು. ಅದರ ಹುಟ್ಟು ವಿಚಿತ್ರವಾದದ್ದು. ನಾರ್ಮನ್ ದೊರೆ ವಿಲಿಯಂ 1069-70ರಲ್ಲಿ ಉತ್ತರ ಇಂಗ್ಲೆಂಡನ್ನು ಸುಟ್ಟು ಹಾಳುಮಾಡಿದಾಗ ಆ ಸೈನ್ಯದಲ್ಲಿ ರೈನ್‌ಫ್ರಿಡ್ ಎಂಬ ಯೋಧನಿದ್ದ. ಹಾಳುಬಿದ್ದ ಈ ಸ್ಥಳ ಕಂಡು ಅವನ ಮನಸ್ಸು ಕಲಕಿತು ಎಂದು ಮಠದ ಹಳೆಯ ದಾಖಲೆ ಹೇಳುತ್ತದೆ. ಕತ್ತಿ ಇಟ್ಟು ಈವ್‌ಶಮ್ ಮಠದಲ್ಲಿ ಸನ್ಯಾಸಿಯಾದ. ವಿಂಚ್‌ಕೂಂಬ್ ಮಠದ ಆಲ್ಡ್‌ವಿನ್ ಎಂಬವನು ಬೀಡ್ ಬರೆದದ್ದನ್ನು ಓದಿ, ಆ ಊರುಗಳನ್ನು ಕಣ್ಣಾರೆ ನೋಡಬೇಕು, ಅಲ್ಲೇ ಬದುಕಬೇಕು ಎಂದು ಹಂಬಲಿಸುತ್ತಿದ್ದ. ಇವರಿಬ್ಬರೂ ಎಲ್ಫ್‌ವಿ ಎಂಬ ಮೂರನೆಯವನೂ ಸೇರಿ, ಪುಸ್ತಕಗಳನ್ನೂ ಪೂಜೆಯ ಉಡುಪುಗಳನ್ನೂ ಒಂದು ಕತ್ತೆಯ ಮೇಲೆ ಹೇರಿಕೊಂಡು ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಹೊರಟರು. ಜ್ಯಾರೋದಲ್ಲಿ ನೆಲೆಸಿದರು. ಅಲ್ಲಿಂದ ರೈನ್‌ಫ್ರಿಡ್ ವಿಟ್ಬಿಗೆ ಬಂದ. ವಿಲಿಯಂ ಡಿ ಪರ್ಸಿ ಎಂಬ ನಾರ್ಮನ್ ಒಡೆಯ ಭೂಮಿ ಕೊಟ್ಟ. 1078ರ ಹೊತ್ತಿಗೆ ಇಲ್ಲಿ ಮತ್ತೆ ಮಠ ನೆಲೆಯೂರಿತ್ತು. ಈ ಮೂವರನ್ನು ನೆನಪಿಡಿ, ಮುಂದೆ ದಾರಿ ತೋರಿಸುವವರು ಇವರೇ.

ಬೆನೆಡಿಕ್ಟೈನರೆಂದರೆ 6ನೇ ಶತಮಾನದಲ್ಲಿ ಇಟಲಿಯ ಮಾಂಟೆ ಕ್ಯಾಸಿನೊದಲ್ಲಿ ಸಂತ ಬೆನೆಡಿಕ್ಟ್ ಬರೆದ 73 ಅಧ್ಯಾಯಗಳ ನಿಯಮಾವಳಿಯಂತೆ ಬದುಕುವವರು. ಸ್ವಂತ ಆಸ್ತಿ ಕೂಡದು, ಬಂದ ಅತಿಥಿಯನ್ನು ಕ್ರಿಸ್ತನೇ ಬಂದನೆಂದು ಬರಮಾಡಿಕೊಳ್ಳಬೇಕು, ನಡುರಾತ್ರಿ ಎದ್ದು ಕೀರ್ತನೆ ಹಾಡಬೇಕು. ಚಳಿಯ ನಾಡಿನಲ್ಲಿ ಬಟ್ಟೆ ಹೆಚ್ಚು ಬೇಕಾಗುತ್ತದೆ, ಅದನ್ನು ಮಠಾಧಿಪತಿ ತೀರ್ಮಾನಿಸಲಿ ಎಂಬ ಮಾತೂ ಅದರಲ್ಲಿದೆ. ವಿಟ್ಬಿಯ ಗಾಳಿಗೆ ಮುಖವೊಡ್ಡಿದ ಮೇಲೆ ಆ 55ನೇ ಅಧ್ಯಾಯದ ಬಗ್ಗೆ ಗೌರವ ಹೆಚ್ಚುತ್ತದೆ.

ತಲುಪುವುದು

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಯಾರ್ಕ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ. ಯಾರ್ಕ್‌ನಿಂದ ಮುಂದೆ ನನ್ನ ಆಯ್ಕೆ ಬಸ್ಸು: 840 ಸಂಖ್ಯೆಯ ಕೋಸ್ಟ್‌ಲೈನರ್ ಮಾಲ್ಟನ್, ಪಿಕರಿಂಗ್ ದಾಟಿ ಕುರುಚಲು ಬಯಲುಗಳ ಮೇಲೆ ಹಾದು ವಿಟ್ಬಿಗೆ ಇಳಿಯುತ್ತದೆ. ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಆದರೆ ಮೇಲಿನ ಅಂತಸ್ತಿನ ಮುಂದಿನ ಸೀಟು ಸಿಕ್ಕರೆ ಪ್ರಯಾಣವೇ ಒಂದು ನೋಟ. ಆಗಸ್ಟ್‌ನಲ್ಲಿ ಹೆದರ್ ಹೂಬಿಟ್ಟು ಬಯಲೆಲ್ಲ ನೇರಳೆಯಾಗಿರುತ್ತದೆ. ರೈಲೇ ಬೇಕೆಂದರೆ ಮಿಡಲ್ಸ್‌ಬ್ರೋದಿಂದ ಎಸ್ಕ್ ಕಣಿವೆಯ ಮಾರ್ಗವಿದೆ, ಸುಮಾರು ಒಂದೂವರೆ ಗಂಟೆ. ದಿನಕ್ಕೆ ಓಡುವುದು ಕೆಲವೇ ಗಾಡಿ. ಸ್ಕಾರ್ಬರೋ ಕಡೆಯಿಂದ ಬರುವವರಿಗೆ ಎಕ್ಸ್ 93 ಬಸ್ಸು. ಯಾವುದರಲ್ಲಿ ಬಂದರೂ ಹಿಂದಿರುಗುವ ಕೊನೆಯ ಗಾಡಿಯ ಸಮಯವನ್ನು ಮೊದಲು ಬರೆದಿಟ್ಟುಕೊಳ್ಳಿ. ಅದು ನೀವೆಣಿಸಿದ್ದಕ್ಕಿಂತ ಬೇಗ ಹೊರಟಿರುತ್ತದೆ.

ಅವಶೇಷದ ಉಸ್ತುವಾರಿ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯದು. ಆನ್‌ಲೈನಿನಲ್ಲಿ ಮುಂಗಡ ಕೊಂಡರೆ ಟಿಕೆಟ್ ಅಗ್ಗ. ಚಳಿಗಾಲದಲ್ಲಿ ವಾರಾಂತ್ಯ ಮಾತ್ರ ತೆರೆಯುವ ರೂಢಿಯಿರುವುದರಿಂದ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗುವವರು ದಿನ ನೋಡಿಕೊಂಡೇ ಹೊರಡಬೇಕು. ಭಾರತದಿಂದ ಬಂದು ಹಲವು ಕೋಟೆ, ಮಠ ನೋಡುವ ಯೋಜನೆಯಿದ್ದರೆ ಅದೇ ಸಂಸ್ಥೆಯ ವಿದೇಶಿ ಪ್ರವಾಸಿಗರ ಪಾಸ್ ಲಾಭದಾಯಕ; 9 ದಿನದ್ದೂ 16 ದಿನದ್ದೂ ಸಿಗುತ್ತದೆ. ವಸಂತದಲ್ಲಿ, ಶರತ್ಕಾಲದಲ್ಲಿ ಒಂದೊಂದು ವಾರಾಂತ್ಯ ಕಪ್ಪು ಉಡುಪಿನ ಗಾತ್ ಉತ್ಸವಕ್ಕಾಗಿ ಊರು ತುಂಬುತ್ತದೆ. ವೇಷಭೂಷಣ ನೋಡಬೇಕಿದ್ದರೆ ಆಗಲೇ ಬನ್ನಿ, ಮಠ ನೋಡಬೇಕಿದ್ದರೆ ಬೇಡ.

ಮೆಟ್ಟಿಲು ಹತ್ತುವಾಗ

ಹಳೆಯ ಪೇಟೆಯ ಚರ್ಚ್ ಸ್ಟ್ರೀಟಿನ ಕೊನೆಯಲ್ಲಿ 199 ಮೆಟ್ಟಿಲುಗಳು ಶುರುವಾಗುತ್ತವೆ. ಎಲ್ಲರೂ ಎಣಿಸುತ್ತಾರೆ, ಎಲ್ಲರಿಗೂ ಬೇರೆ ಲೆಕ್ಕ ಬರುತ್ತದೆ. ನಡುನಡುವೆ ಅಗಲವಾದ ಹಾಸುಗಲ್ಲುಗಳೂ ಬೆಂಚುಗಳೂ ಸಿಗುತ್ತವೆ. ಅವು ಪ್ರವಾಸಿಗರ ದಣಿವಿಗೆಂದು ಮಾಡಿದವಲ್ಲ, ಮೇಲಿನ ಸ್ಮಶಾನಕ್ಕೆ ಶವಪೆಟ್ಟಿಗೆ ಹೊತ್ತವರು ಇಳಿಸಿ ಉಸಿರಾಡಲೆಂದು ಮಾಡಿದವು. ಮಂಡಿನೋವಿದ್ದವರು ಮುಜುಗರಪಡದೆ ಬಳಸಿಕೊಳ್ಳಬಹುದು. ಹತ್ತಲಾಗದವರಿಗೆ ಮೇಲೆ ಮಠದ ಪಕ್ಕದಲ್ಲೇ ವಾಹನ ನಿಲ್ದಾಣವಿದೆ.

ಮೆಟ್ಟಿಲು ಮುಗಿದಲ್ಲಿ ಎದುರಾಗುವುದು ಮಠವಲ್ಲ, ಸೇಂಟ್ ಮೇರಿ ಚರ್ಚು. ಇದನ್ನು ದಾಟಿ ಹೋಗಿಬಿಡಬೇಡಿ, ಮೊದಲು ಇದನ್ನೇ ನೋಡಿ. 12ನೇ ಶತಮಾನದಲ್ಲಿ ಊರಿನ ಜನರಿಗಾಗಿ ಕಟ್ಟಿದ ದೇಗುಲ ಇದು. ಪಕ್ಕದ ದೊಡ್ಡದು ಸನ್ಯಾಸಿಗಳಿಗೆ. ಒಳಗೆ ಮನೆಮನೆಗೂ ಕದ ಹಾಕಿ ಕೊಟ್ಟ ಮರದ ಪೆಟ್ಟಿಗೆ ಆಸನಗಳು, ಮೂರಂತಸ್ತಿನ ಪ್ರವಚನ ವೇದಿಕೆ, ಕಿವಿ ಕೇಳದ ಪಾದ್ರಿಯ ಹೆಂಡತಿಗೆಂದು ವೇದಿಕೆಗೆ ಜೋಡಿಸಿದ ಕೊಳವೆಗಳು. 18ನೇ ಶತಮಾನದ ನಾವಿಕರ ಊರು ಹಾಗೇ ಕೂತಂತಿದೆ. ಇದು ಮಾಡು ಸಹಿತ ಉಳಿದು ಮಠ ಯಾಕೆ ಉಳಿಯಲಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಚರ್ಚೇ: ಊರಿಗೆ ಪೂಜೆಗೊಂದು ಜಾಗ ಆಗಲೇ ಇತ್ತು. ಬೇರೆ ಕೆಲವು ಊರುಗಳಲ್ಲಿ ಜನ ಮಠದ ದೇಗುಲವನ್ನೇ ತಮ್ಮ ಚರ್ಚನ್ನಾಗಿ ಕೊಂಡು ಉಳಿಸಿಕೊಂಡರು. ಇಲ್ಲಿ ಆ ಅಗತ್ಯ ಬೀಳಲಿಲ್ಲ.

ಸಮಾಧಿಗಳ ನಡುವೆ ಡ್ರಾಕುಲಾನ ಗೋರಿ ಹುಡುಕುವವರು ಸಿಗುತ್ತಾರೆ. 1890ರಲ್ಲಿ ‘ಡ್ರಾಕುಲಾ’ ಬರೆದ ಬ್ರಾಮ್ ಸ್ಟೋಕರ್ ವಿಟ್ಬಿಯಲ್ಲಿ ತಂಗಿದ್ದರು, 1897ರ ಕಾದಂಬರಿಯಲ್ಲಿ ಈ ಮೆಟ್ಟಿಲುಗಳೂ ಸ್ಮಶಾನವೂ ಬರುತ್ತವೆ, ಅಷ್ಟೇ. ಕಲ್ಪಿತ ಪಾತ್ರಕ್ಕೆ ಗೋರಿ ಇರುವುದಿಲ್ಲ.

ಪೂರ್ವದಿಂದ ಪಶ್ಚಿಮಕ್ಕೆ ನಡೆಯಿರಿ

ಟಿಕೆಟ್ ಕೊಡುವ ಕಲ್ಲಿನ ಮನೆ, ಒಳಗಿನ ಸಣ್ಣ ಸಂಗ್ರಹಾಲಯ ಇವೆಲ್ಲ ಚಮ್ಲಿ ಮನೆತನದವರು 17ನೇ ಶತಮಾನದಲ್ಲಿ ಕಟ್ಟಿಕೊಂಡ ಬಂಗಲೆಯ ಭಾಗ. ಮಠದ ಜಮೀನು ಕೊಂಡವರು ಇವರೇ. ಸಂಗ್ರಹಾಲಯವನ್ನು ಮೊದಲು ಹತ್ತು ನಿಮಿಷ ನೋಡಿ, ಕೊನೆಯಲ್ಲಿ ಇನ್ನೊಮ್ಮೆ ನಿಧಾನವಾಗಿ ನೋಡಿ. ಹಿಲ್ಡಾ ಕಾಲದ ಮಠ ಇದ್ದದ್ದಕ್ಕೆ ಪುರಾವೆ ಸಿಗುವುದು ಅಲ್ಲಿನ ಗಾಜಿನ ಪೆಟ್ಟಿಗೆಗಳಲ್ಲಿ. 1920ರ ದಶಕದ ಉತ್ಖನನದಲ್ಲಿ ಆ ಕಾಲದ ವಸ್ತುಗಳು ಹೊರಬಂದವು.

ಆಮೇಲೆ ನೇರವಾಗಿ ದೇಗುಲದ ಪೂರ್ವ ತುದಿಗೆ ಹೋಗಿ. ಜನ ಪಶ್ಚಿಮದ ಬಾಗಿಲಿನಿಂದ ಶುರುಮಾಡಿ ಗೊಂದಲಕ್ಕೆ ಬೀಳುತ್ತಾರೆ. ಇಂಥ ದೇಗುಲಗಳನ್ನು ಕಟ್ಟುತ್ತಿದ್ದದ್ದು ಬಲಿಪೀಠವಿರುವ ಪೂರ್ವದಿಂದ, ಆದ್ದರಿಂದ ಪೂರ್ವದಿಂದ ಪಶ್ಚಿಮಕ್ಕೆ ನಡೆದರೆ ಕಾಲದಲ್ಲೂ ಮುಂದಕ್ಕೆ ನಡೆದಂತೆ. ಬೆಳಿಗ್ಗೆಯ ಬಿಸಿಲೂ ಈ ಗೋಡೆಗೇ ಬೀಳುವುದರಿಂದ ಫೋಟೊದವರಿಗೂ ಇದೇ ಅನುಕೂಲ.

ಪೂರ್ವದ ಗೋಡೆಯಲ್ಲಿ ಮೂರು ಸಾಲು, ಸಾಲಿಗೆ ಮೂರರಂತೆ ಕಿಟಕಿಗಳು. ಉದ್ದ, ಕಿರಿದು, ಮೇಲೆ ಚೂಪು. 13ನೇ ಶತಮಾನದ ಮೊದಲ ಭಾಗದಲ್ಲಿ ಶುರುವಾದ ಆರಂಭಿಕ ಗಾಥಿಕ್ ಕೆಲಸವಿದು. ಕಿಟಕಿಯೊಳಗೆ ಕಲ್ಲಿನ ಜಾಲಂಧ್ರ ಇನ್ನೂ ಬಂದಿಲ್ಲ. ಒಂದು ತೆರಪಿಗೆ ಒಂದೇ ಸೀಳು. ಅಲ್ಲೇ ಕಾಲಬುಡದ ಹುಲ್ಲಿನಲ್ಲಿ ಅರ್ಧವರ್ತುಲಾಕಾರದ ಗುರುತು ಕಾಣುತ್ತದೆ, ಅದು ಇದಕ್ಕೂ ಹಿಂದಿನ ನಾರ್ಮನ್ ದೇಗುಲದ ತುದಿ. ಅಂದರೆ 1100ರ ಸುಮಾರಿಗೆ ಕಟ್ಟಿದ್ದು ನೂರಿಪ್ಪತ್ತು ವರ್ಷಕ್ಕೇ ಹಳತಾಗಿ ಕಂಡಿತು, ಕೆಡವಿ ಹೊಸದು ಎಬ್ಬಿಸಿದರು. ಮಠದ ಕೈಯಲ್ಲಿ ಆಗ ಹಣವಿತ್ತು.

ಈಗ ಉತ್ತರದ ಅಡ್ಡತೋಳಿಗೆ, ಅಂದರೆ ಶಿಲುಬೆಯಾಕಾರದ ದೇಗುಲದ ಅಡ್ಡಭಾಗಕ್ಕೆ ಬನ್ನಿ. ಇಡೀ ಅವಶೇಷದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಈ ಗೋಡೆ. ಎತ್ತರ ಪೂರ್ತಿ ಉಳಿದಿದೆ, ಸಮುದ್ರದ ಉಪ್ಪುಗಾಳಿ ಕಲ್ಲನ್ನು ಜೇನುಗೂಡಿನಂತೆ ಕೊರೆದಿದ್ದರೂ ಕಿಟಕಿಯ ಅಂಚಿನ ಕೆತ್ತನೆ ಗುರುತಿಸಬಹುದು. ಇಲ್ಲಿಂದ ಪಶ್ಚಿಮಕ್ಕೆ ತಿರುಗಿ ನಡುಮನೆಯ (ದೇಗುಲದ ಉದ್ದನೆಯ ಪಶ್ಚಿಮ ಭಾಗದ) ಉತ್ತರ ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿ. ಮೊದಲು ಅದೇ ಚೂಪು ಸೀಳುಗಳು. ಸ್ವಲ್ಪ ದೂರಕ್ಕೆ ಕಿಟಕಿಗಳು ಅಗಲವಾಗಿ ಒಳಗೆ ಕಲ್ಲಿನ ಬಳುಕು ಜಾಲ ಬರುತ್ತದೆ. ಶೈಲಿ ಬದಲಾದ ಆ ಜಾಗವನ್ನು ಬೆರಳಿಟ್ಟು ತೋರಿಸಬಹುದು. ಕೆಲಸ ಅಲ್ಲಿ ನಿಂತಿತ್ತು, ಬಹುಶಃ ಹಣ ಸಾಲದೆ. 14ನೇ ಶತಮಾನದಲ್ಲಿ ಮತ್ತೆ ಶುರುವಾಯಿತು, ಪಶ್ಚಿಮದ ತುದಿ ಮುಗಿಯುವಷ್ಟರಲ್ಲಿ 15ನೇ ಶತಮಾನ. ಒಬ್ಬ ಕಲ್ಲುಕುಟಿಗನ ಮರಿಮೊಮ್ಮಗನೂ ಮುಗಿದದ್ದನ್ನು ನೋಡಿರಲಾರ.

ಕೆಡವಿದವರು ಯಾರು

16ನೇ ಶತಮಾನದಲ್ಲಿ ಇಂಗ್ಲೆಂಡಿನ ಮಠಗಳನ್ನು ಮುಚ್ಚಿಸಿದ ದೊರೆ ಎಂಟನೇ ಹೆನ್ರಿ ಎಂಬ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲಿದೆ. ಅದು ಪೂರ್ತಿ ಸರಿಯಲ್ಲ. 1536ರ ಕಾನೂನು ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯದ ಮಠಗಳನ್ನು ಮುಚ್ಚಿತು. ವಿಟ್ಬಿಯ ಆದಾಯ ಸುಮಾರು 437 ಪೌಂಡ್ ಇದ್ದದ್ದರಿಂದ ಆಗ ಬಚಾವಾಯಿತು. 1539ರ ಡಿಸೆಂಬರ್ 14ರಂದು ಕೊನೆಯ ಅಧಿಪತಿ ಹೆನ್ರಿ ಡ್ಯಾವೆಲ್ ಮಠವನ್ನು ದೊರೆಗೆ ಒಪ್ಪಿಸಿಕೊಟ್ಟರು. ಹೀಗೆ ಮುಚ್ಚಿದ ಮಠಗಳಲ್ಲಿ ಮೊದಲು ಹೋಗುತ್ತಿದ್ದದ್ದು ಮಾಡಿನ ಸೀಸ, ಗಂಟೆ, ಗಾಜು, ಬೆಲೆಬಾಳುವ ಲೋಹ. ವಿಟ್ಬಿಯ ಗಂಟೆಗಳನ್ನು ಹೇರಿಕೊಂಡು ಹೊರಟ ಹಡಗು ದಡ ಕಾಣುವಷ್ಟರಲ್ಲೇ ಮುಳುಗಿತು, ಈಗಲೂ ನೀರಿನಡಿ ಗಂಟೆ ಬಾರಿಸುತ್ತದೆ ಎಂದು ಊರಿನವರ ಕತೆ.

ಗೋಡೆಗಳು ಮಾತ್ರ ನಿಂತೇ ಇದ್ದವು. ಅಲ್ಲಿಂದಾಚೆಗಿನ ಕೆಲಸ ಗಾಳಿಯದು. ದಕ್ಷಿಣದ ಅಡ್ಡತೋಳು 1736ರಲ್ಲಿ ಬಿತ್ತು. ನಡುಮನೆಯ ಬಹುಭಾಗ 1760ರ ದಶಕದ ಆರಂಭದಲ್ಲಿ, ಪಶ್ಚಿಮ ಮುಖದ ಒಂದಿಷ್ಟು 1794ರಲ್ಲಿ. ಹಡಗಿನವರಿಗೆ ಗುರುತಾಗಿದ್ದ ನಡುಗೋಪುರ 1830ರಲ್ಲಿ ಕುಸಿಯಿತು. ಮಾಡಿಲ್ಲದ ಕಟ್ಟಡ ಹೀಗೆ ಮುನ್ನೂರು ವರ್ಷ ತೆಗೆದುಕೊಂಡು ಸತ್ತಿತು. 1914ರ ಡಿಸೆಂಬರ್ 16ರಂದು ಡೆರ್ಫ್ಲಿಂಗರ್, ಫಾನ್ ಡೆರ್ ಟಾನ್ ಎಂಬ ಜರ್ಮನ್ ಯುದ್ಧನೌಕೆಗಳು ಇಲ್ಲಿನ ಸಂಕೇತ ಠಾಣೆಯ ಮೇಲೆ ಗುಂಡು ಹಾರಿಸಿದಾಗ ಪಶ್ಚಿಮ ಮುಖಕ್ಕೂ ಪೆಟ್ಟಾಯಿತು, ಆಮೇಲೆ ದುರಸ್ತಿ ಮಾಡಿದರು. ಆ ಬಾಗಿಲಿನ ಬಳಿ ನಿಂತು ಹೊಸ ಕಲ್ಲು ಯಾವುದು, ಹಳೆಯದು ಯಾವುದು ಎಂದು ಬೇರ್ಪಡಿಸಿ ನೋಡಿ.

ಇನ್ನು ದಕ್ಷಿಣದ ಹುಲ್ಲುಹಾಸು. ಇಲ್ಲಿ ನೋಡಲು ಏನೂ ಇಲ್ಲ, ಆದರೂ ಐದು ನಿಮಿಷ ನಿಲ್ಲಿ. ಸನ್ಯಾಸಿಗಳು ಬದುಕಿದ್ದು ಇಲ್ಲಿ: ಕಂಬಸಾಲಿನ ಚೌಕದಂಗಳ, ಸಭಾಮನೆ, ಊಟದ ಮನೆ, ಮಲಗುವ ಮನೆ. ಆ ಕಲ್ಲೆಲ್ಲ ಬೇರೆ ಕಟ್ಟಡಗಳಿಗೆ ಹೋಯಿತು. ದೇಗುಲ ಮಾತ್ರ ಉಳಿದದ್ದರಿಂದ ನೋಡಿದವರಿಗೆ ಮಠವೆಂದರೆ ಬರೀ ಪೂಜೆ ಎಂಬ ಭಾವನೆ ಬರುತ್ತದೆ. ಅಡುಗೆ, ಲೆಕ್ಕಪತ್ರ, ಕಾಯಿಲೆಯವರ ಆರೈಕೆ, ಹಸ್ತಪ್ರತಿಯ ನಕಲು, ಜಗಳ ಎಲ್ಲ ನಡೆದದ್ದು ಈ ಬಯಲಿನಲ್ಲಿ.

ಹಾವಿನ ಕಲ್ಲು, ಅಂದರೆ ಸಾಲಿಗ್ರಾಮ

ಹಿಲ್ಡಾ ಇಲ್ಲಿನ ಹಾವುಗಳನ್ನೆಲ್ಲ ಕಲ್ಲಾಗಿಸಿದಳೆಂದು ಐತಿಹ್ಯ. ಸಾಕ್ಷಿಯಾಗಿ ತೋರಿಸುವುದು ಕೆಳಗಿನ ಕಡಲತಡಿಯಲ್ಲಿ ಸಿಗುವ ಸುರುಳಿ ಕಲ್ಲುಗಳನ್ನು. ಹಾವಿನ ತಲೆ ಇಲ್ಲವಲ್ಲ ಎಂದು ಕೇಳುವ ಗಿರಾಕಿಗಳಿಗಾಗಿ ಹಿಂದೆ ಕುಶಲಕರ್ಮಿಗಳು ತಲೆಯನ್ನೂ ಕೆತ್ತಿ ಮಾರುತ್ತಿದ್ದರು. ಊರಿನ ಲಾಂಛನದಲ್ಲೂ ಅಂಥ ಮೂರು ಇವೆ. ಇವು ಅಮೋನೈಟ್ ಎಂಬ, ಅಳಿದುಹೋದ ಕಡಲಜೀವಿಯ ಪಳೆಯುಳಿಕೆಗಳು, ಜುರಾಸಿಕ್ ಯುಗದವು. ಒಂದು ಕುಲಕ್ಕೆ ವಿಜ್ಞಾನಿಗಳು ಹಿಲ್ಡೊಸೆರಾಸ್ ಎಂದೇ ಹೆಸರಿಟ್ಟಿದ್ದಾರೆ. ನೇಪಾಳದ ಗಂಡಕಿಯಿಂದ ಬಂದು ನಮ್ಮ ದೇವರ ಪೆಟ್ಟಿಗೆಗಳಲ್ಲಿ ಅಭಿಷೇಕ ಮಾಡಿಸಿಕೊಳ್ಳುವ ಚಕ್ರವಿರುವ ಸಾಲಿಗ್ರಾಮಗಳೂ ಅಮೋನೈಟುಗಳೇ. ಅಲ್ಲಿ ವಿಷ್ಣು, ಇಲ್ಲಿ ಹಾವು.

ಹುಡುಕುವ ಆಸೆಯಿದ್ದರೆ ಉಬ್ಬರವಿಳಿತದ ಪಟ್ಟಿ ನೋಡಿಕೊಂಡು, ನೀರು ಇಳಿಯುತ್ತಿರುವಾಗ ಮಾತ್ರ ತಡಿಗೆ ಇಳಿಯಿರಿ. ಉಬ್ಬರ ಬಂದರೆ ಬಂಡೆಗೂ ನೀರಿಗೂ ನಡುವೆ ಸಿಕ್ಕಿಬೀಳುತ್ತೀರಿ. ಕಡಿಬಂಡೆಯಿಂದ ಕಲ್ಲು ಉದುರುತ್ತಲೇ ಇರುತ್ತದೆ, ಅದರ ಬುಡದಲ್ಲಿ ನಿಲ್ಲಬಾರದು, ಸುತ್ತಿಗೆಯಿಂದ ಬಂಡೆಯನ್ನು ಕೆಣಕಲೂಬಾರದು. ಬಿಡಿಯಾಗಿ ಬಿದ್ದದ್ದನ್ನು ಆರಿಸಿದರೆ ಸಾಕು. ಶ್ರಮ ಬೇಡವೆನ್ನುವವರು ಪ್ಯಾನೆಟ್ ಪಾರ್ಕಿನ ವಿಟ್ಬಿ ಮ್ಯೂಸಿಯಂಗೆ ಹೋಗಲಿ. ಅಮೋನೈಟುಗಳ ಜೊತೆಗೆ ದೈತ್ಯ ಕಡಲ ಸರೀಸೃಪಗಳೂ ಅಲ್ಲಿವೆ.

ಸಸ್ಯಾಹಾರಿಗಳಿಗೆ ಒಂದು ಮಾತು

ವಿಟ್ಬಿ ಮೀನಿಗೆ ಪ್ರಸಿದ್ಧ. ಮೀನು ಬೇಡ, ಬರೀ ಆಲೂಗಡ್ಡೆ ಚಿಪ್ಸ್ ತಿನ್ನೋಣ ಎಂದುಕೊಳ್ಳುವವರು ಗಮನಿಸಿ: ಯಾರ್ಕ್‌ಶೈರ್‌ನ ಬಹಳಷ್ಟು ಅಂಗಡಿಗಳಲ್ಲಿ ಅದನ್ನು ಕರಿಯುವುದು ದನದ ಕೊಬ್ಬಿನಲ್ಲಿ. ಎಣ್ಣೆ ಯಾವುದು ಎಂದು ಕೇಳಿಯೇ ಕೊಳ್ಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೋದರೆ ಮಠದ ಹುಲ್ಲಿನ ಮೇಲೆ ಕೂತು ಉಣ್ಣಬಹುದು, ಸೀಗಲ್ ಹಕ್ಕಿಗಳ ಮೇಲೆ ಮಾತ್ರ ಕಣ್ಣಿರಲಿ. ಗಾಳಿ ತಡೆಯುವ ಜಾಕೆಟ್ ಜುಲೈನಲ್ಲೂ ಬೇಕು. ಮೇಲೆ ಕೊಡೆ ನಿಲ್ಲುವುದಿಲ್ಲ.

ಇನ್ನೆರಡು ದಿನವಿದ್ದರೆ

ವಿಟ್ಬಿಯಲ್ಲಿ ಕಾಣದ ಭಾಗಗಳನ್ನು ಬೇರೆಡೆ ನೋಡಬಹುದು, ಅದೂ ಆ ಕತ್ತೆಯ ಹಿಂದೆ ನಡೆದ ಮೂವರ ಜಾಡಿನಲ್ಲೇ. ರೈನ್‌ಫ್ರಿಡ್‌ನ ಮಠ ಬಹುಬೇಗ ಒಡೆಯಿತು. ಕಡಲ್ಗಳ್ಳರ ಕಾಟ ಒಂದು ಕಡೆ, ಭೂಮಿ ಕೊಟ್ಟ ಪರ್ಸಿಯ ಕಿರುಕುಳ ಇನ್ನೊಂದು ಕಡೆ. ಸ್ಟೀಫನ್ ಎಂಬವನ ಹಿಂದೆ ಒಂದು ಗುಂಪು ಹೊರಟು, ಲ್ಯಾಸ್ಟಿಂಗಮ್‌ನಲ್ಲಿ ತಂಗಿ, ಕೊನೆಗೆ ಯಾರ್ಕ್ ಸೇರಿತು. ಅಲ್ಲಿ ಅವರು ಕಟ್ಟಿದ ಸೇಂಟ್ ಮೇರೀಸ್ ಅಬ್ಬೆ ಉತ್ತರದ ಶ್ರೀಮಂತ ಬೆನೆಡಿಕ್ಟೈನ್ ಮಠವಾಯಿತು. ಸಿರಿ ಹೆಚ್ಚಾಯಿತು, ನಿಯಮ ಸಡಿಲವಾಯಿತು ಎಂದು ಮುನಿಸಿಕೊಂಡ ಕೆಲವರು 1132ರಲ್ಲಿ ಅದನ್ನೂ ಬಿಟ್ಟು ಹೋಗಿ ಕಟ್ಟಿದ್ದು ಫೌಂಟನ್ಸ್ ಅಬ್ಬೆ. ಅವರು ಬೆನೆಡಿಕ್ಟನ ನಿಯಮವನ್ನೇ ಬಿಗಿಯಾಗಿ ಪಾಲಿಸುವ ಸಿಸ್ಟರ್ಸಿಯನ್ ಪಂಥ ಹಿಡಿದರು. ಸೇಂಟ್ ಮೇರೀಸ್ ಅವಶೇಷ ಯಾರ್ಕ್‌ನ ಮ್ಯೂಸಿಯಂ ಗಾರ್ಡನ್ಸ್‌ನಲ್ಲಿದೆ, ನೋಡಲು ದುಡ್ಡಿಲ್ಲ, ಬಸ್ಸಿಗೆ ಮುನ್ನ ಒಂದು ಗಂಟೆ ಸಿಕ್ಕರೂ ಸಾಕು.

ಆಲ್ಡ್‌ವಿನ್ ಜ್ಯಾರೋದಿಂದ ಹೋದದ್ದು ಡರಮ್‌ಗೆ. 1083ರಲ್ಲಿ ಅಲ್ಲಿನ ಬೆನೆಡಿಕ್ಟೈನ್ ಮಠದ ಮೊದಲ ಮುಖ್ಯಸ್ಥನಾದ. ಹತ್ತು ವರ್ಷದ ನಂತರ ಈಗಿನ ಭವ್ಯ ಕೆಥೆಡ್ರಲ್‌ನ ಕೆಲಸ ಶುರುವಾಯಿತು. ಆ ಮಠವೂ ವಿಟ್ಬಿಯಂತೆ 1539ರ ಡಿಸೆಂಬರ್‌ನಲ್ಲೇ ಮುಚ್ಚಿತು. ಆದರೆ ಬಿಷಪ್ಪನ ಪೀಠವಾದ್ದರಿಂದ ಕಟ್ಟಡ ಬೇಕಾಗಿತ್ತು, 1541ರಲ್ಲಿ ಹೊಸ ಆಡಳಿತ ಬಂತು, ಮಾಡಿನ ಸೀಸ ಮಾಡಿನಲ್ಲೇ ಉಳಿಯಿತು. ವಿಟ್ಬಿಯ ಹುಲ್ಲಿನಲ್ಲಿ ಊಹಿಸಿಕೊಂಡದ್ದೆಲ್ಲ ಇಲ್ಲಿ ಕಲ್ಲಿನಲ್ಲಿದೆ: ಚೌಕದಂಗಳ, ಎಂಟು ಮೂಲೆಯ ಅಡುಗೆಮನೆ, ಓಕ್ ತೊಲೆಗಳ ಮಲಗುವ ಮನೆ. ಬೀಡ್‌ನ ಸಮಾಧಿಯೂ ಇದೇ ಕೆಥೆಡ್ರಲ್‌ನ ಪಶ್ಚಿಮ ತುದಿಯ ಗೆಲಿಲಿ ಚಾಪೆಲ್‌ನಲ್ಲಿದೆ. ಯಾರ್ಕ್‌ನಿಂದ ಡರಮ್‌ಗೆ ರೈಲಿನಲ್ಲಿ ಗಂಟೆಯೊಳಗಿನ ದಾರಿ. ಕೆಥೆಡ್ರಲ್‌ಗೆ ಪ್ರವೇಶ ಉಚಿತ, ಕಾಣಿಕೆ ನಿರೀಕ್ಷಿಸುತ್ತಾರೆ. ಮಲಗುವ ಮನೆಯಿರುವ ಸಂಗ್ರಹಾಲಯಕ್ಕೆ ಬೇರೆ ಟಿಕೆಟ್. ವಿಟ್ಬಿಯನ್ನು ಮೊದಲು ನೋಡಿ, ಡರಮ್ ಅನ್ನು ಮರುದಿನಕ್ಕಿಟ್ಟುಕೊಳ್ಳಿ.